ಎಷ್ಟು ಕಟ್ಟಿಗೆ ಆ ಬೆಲೆ?

ಅಕ್ಕನ ಮದುವೆ ನಡೆದದ್ದು 1967ರ ಬೇಸಿಗೆಯಲ್ಲಿ. ಆಗ ನನಗೆ ಹನ್ನೆರಡು ವರ್ಷ. ಛತ್ರ ಗೊತ್ತು ಮಾಡಿ, ಅಡುಗೆಯವರಿಗೆ ಗುತ್ತಿಗೆ ಕೊಟ್ಟು, ನೆಂಟರ ಹಾಗೆ ಹೋಗಿ ಕುಳಿತುಕೊಳ್ಳುವ ಕಾಲ ಇನ್ನೂ ಬಂದಿರಲಿಲ್ಲ. ಮನೆಯ ಮುಂದೆ ಚಪ್ಪರ, ಹಿತ್ತಲಲ್ಲಿ ತೋಡಿದ ಒಲೆ, ಊರಿಗೆ ಊರೇ ಸೇರಿ ದುಡಿಯುತ್ತಿತ್ತು. ಹುಡುಗರಿಗೂ ಒಂದೊಂದು ಕೆಲಸ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಬಾಳೆ ಎಲೆ.

“ಬೆಳಗ್ಗೆ ಬೇಗ ಸಂತೆಗೆ ಹೋಗಿ ಎಲೆ ಏನು ಬೆಲೆ ಅಂತ ಕೇಳಿಕೊಂಡು ಬಾ” ಎಂದು ಅಪ್ಪ ಹೇಳಿದರು. ಸಂತೆ ನಮ್ಮೂರಿಗೆ ಮೂರು ಮೈಲಿ. ಬಾಡಿಗೆ ಸೈಕಲ್ಲು ತುಳಿದುಕೊಂಡು ಹೋದೆ. ಎಲೆ ಮಾರುವವಳೊಬ್ಬಳನ್ನು ಕೇಳಿದೆ. ಐವತ್ತು ಎಲೆಯ ಕಟ್ಟಿಗೆ ಒಂದೂವರೆ ರೂಪಾಯಿ ಎಂದಳು. ಅದನ್ನೇ ಮಂತ್ರದ ಹಾಗೆ ಹೇಳಿಕೊಳ್ಳುತ್ತ ವಾಪಸು ಬಂದು ಅಪ್ಪನಿಗೆ ಒಪ್ಪಿಸಿದೆ. ಬೇಕಾದದ್ದು ಮೂವತ್ತು ಕಟ್ಟು. ಅಪ್ಪ ನಲವತ್ತೈದು ರೂಪಾಯಿ ಎಣಿಸಿ ಸೋದರಮಾವನ ಕೈಗೆ ಕೊಟ್ಟು, ಎತ್ತಿನ ಗಾಡಿ ಕಟ್ಟಿಸಿ, ನಮ್ಮಿಬ್ಬರನ್ನೂ ಕಳಿಸಿದರು.

ಸಂತೆಯಲ್ಲಿ ನಡೆದದ್ದೇ ಬೇರೆ. ನಾನು ಬೆಲೆ ಕೇಳಿದ್ದವಳ ಹತ್ತಿರ ಇದ್ದದ್ದು ಆರೇ ಕಟ್ಟು. ಅವನ್ನು ಹೇಳಿದ ಬೆಲೆಗೇ ಕೊಟ್ಟಳು, ಮಾತಿಗೆ ತಪ್ಪಲಿಲ್ಲ. ಪಕ್ಕದವಳ ಬಳಿ ಎಂಟು ಕಟ್ಟಿದ್ದವು. ದೊಡ್ಡ ವ್ಯಾಪಾರ ಎಂದರೆ ಸ್ವಲ್ಪ ಬಿಡುತ್ತಾಳೆ ಎಂದುಕೊಂಡು ಮಾವ ಗಟ್ಟಿಯಾಗಿ, “ನಾಳೆ ಮದುವೆ ಕಣಮ್ಮ, ಮೂವತ್ತು ಕಟ್ಟು ಬೇಕು, ನೋಡಿ ಹೇಳು” ಎಂದರು. ಅವಳು ನೋಡಿಯೇ ಹೇಳಿದಳು: ಒಂದೂ ಮುಕ್ಕಾಲು. ಮೂರನೆಯವನ ಹತ್ತಿರ ನಾವು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅವನ ಹತ್ತು ಕಟ್ಟಿಗೆ ಎರಡೆರಡು ರೂಪಾಯಿ. ಕೊನೆಯವಳು ಎರಡೂವರೆಗೆ ಒಂದು ಕಾಸು ಇಳಿಯಲಿಲ್ಲ. “ನಾಳೆ ಮದುವೆ ಇಟ್ಟುಕೊಂಡು ಇವತ್ತು ಚೌಕಾಸಿ ಮಾಡ್ತೀರಲ್ಲ ಸ್ವಾಮಿ” ಎಂದು ನಕ್ಕಳು. ಅಷ್ಟರಲ್ಲಿ ನಲವತ್ತಮೂರು ರೂಪಾಯಿ ಖರ್ಚಾಗಿತ್ತು. ಇಪ್ಪತ್ತನಾಲ್ಕು ಕಟ್ಟು ಮತ್ತು ಎರಡು ರೂಪಾಯಿ ಚಿಲ್ಲರೆಯೊಂದಿಗೆ ಮನೆಗೆ ಬಂದೆವು.

ಬೈಗುಳ ಬೀಳುತ್ತದೆ ಎಂದು ನಾನು ಗಾಡಿಯ ಹಿಂದೆಯೇ ನಿಂತಿದ್ದೆ. ಅಪ್ಪ ಕಟ್ಟುಗಳನ್ನು ಎಣಿಸಿದರು, ಮಾವ ಹೇಳಿದ ಲೆಕ್ಕ ಕೇಳಿದರು. ಕೊನೆಗೆ, “ಬೆಲೆ ಕೇಳಿಕೊಂಡು ಬಾ ಅಂದೆ, ಕೇಳಿಕೊಂಡು ಬಂದ. ಎಷ್ಟು ಕಟ್ಟಿಗೆ ಆ ಬೆಲೆ ಅಂತ ಕೇಳು ಅನ್ನೋದನ್ನ ನಾನೇ ಹೇಳಲಿಲ್ಲ” ಎಂದು ಒಳಗೆ ಹೋದರು. ಉಳಿದ ಆರು ಕಟ್ಟಿಗೆ ಏನು ಮಾಡಿದರೋ ನನಗೆ ತಿಳಿಯಲಿಲ್ಲ. ಮದುವೆ ಚೆನ್ನಾಗಿಯೇ ನಡೆಯಿತು. ನಾನು ಮರೆತೂಬಿಟ್ಟೆ.

ಮೂವತ್ತು ವರ್ಷಗಳ ನಂತರ ಮುಂಬಯಿಯಲ್ಲಿ ಅದೇ ತಪ್ಪನ್ನು ಮತ್ತೆ ಮಾಡಿದೆ. ಈ ಸಲ ಬಾಳೆ ಎಲೆಯ ಬದಲು ಡಾಲರು.

ಬ್ಯಾಂಕಿನ ಕೆಲಸಕ್ಕೆ ಸೇರಿ, ಊರೂರು ತಿರುಗಿ, ನಲವತ್ತರ ಹತ್ತಿರ ಬಂದಾಗ ನನ್ನನ್ನು ವಿದೇಶಿ ವಿನಿಮಯದ ಡೀಲಿಂಗ್ ರೂಮಿಗೆ ಹಾಕಿದ್ದರು. ಡೀಲಿಂಗ್ ರೂಮ್ ಎಂದರೆ ಏನೋ ಅರಮನೆಯಲ್ಲ. ಒಂದು ಉದ್ದನೆಯ ಮೇಜು, ಅದರ ತುಂಬ ಟೆಲಿಫೋನು, ದರ ತೋರಿಸುವ ಪರದೆಗಳು, ದಲ್ಲಾಳಿಗಳ ಧ್ವನಿ ಸದಾ ಅರಚುತ್ತಿದ್ದ ಸ್ಪೀಕರ್ ಪೆಟ್ಟಿಗೆ. ಅಲ್ಲಿ ಮಾತೆಲ್ಲ ಅರ್ಧರ್ಧ. ಡಾಲರಿಗೆ ಎಷ್ಟು ರೂಪಾಯಿ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಪೈಸೆಯನ್ನು ಮಾತ್ರ ಹೇಳುವುದು ರೂಢಿ. “ಹತ್ತು–ಹನ್ನೆರಡು” ಎಂದು ಒಬ್ಬ ಅಂದರೆ, ಹತ್ತು ಪೈಸೆಗೆ ಡಾಲರು ಕೊಳ್ಳುತ್ತೇನೆ, ಹನ್ನೆರಡು ಪೈಸೆಗೆ ಮಾರುತ್ತೇನೆ ಎಂದು ಅರ್ಥ. ನಡುವಿನ ಎರಡು ಪೈಸೆ ಅವನ ವ್ಯಾಪಾರದ ಲಾಭ. ಪೈಸೆ ಎಂದು ನಗಬೇಡಿ. ಅಲ್ಲಿ ಸಾಮಾನ್ಯವಾಗಿ ಒಂದು ವ್ಯವಹಾರ ಎಂದರೆ ಹತ್ತು ಲಕ್ಷ ಡಾಲರು. ಅಷ್ಟಕ್ಕೆ ಒಂದು ಪೈಸೆ ಹೆಚ್ಚುಕಮ್ಮಿಯಾದರೆ ಹತ್ತು ಸಾವಿರ ರೂಪಾಯಿ.

ಅದು 1997ರ ಕೊನೆ. ಆ ವರ್ಷದ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾಹ್ತ್ ನಾಣ್ಯದ ಕೈಬಿಟ್ಟ ಮೇಲೆ ಪೂರ್ವ ಏಷ್ಯಾದ ದೇಶಗಳ ಹಣ ಒಂದೊಂದಾಗಿ ಕುಸಿದಿತ್ತು. ವರ್ಷದ ಕೊನೆಯ ಹೊತ್ತಿಗೆ ನಮ್ಮ ರೂಪಾಯಿಗೂ ನಡುಕ ಹತ್ತಿತ್ತು. ಒಂದು ಮಧ್ಯಾಹ್ನ ಗಿರಣಿಯ ಮಾಲೀಕರೊಬ್ಬರು ಫೋನ್ ಮಾಡಿದರು. ವಿದೇಶದಿಂದ ಯಂತ್ರ ತರಿಸಿದ್ದರು. ಒಂದು ಕೋಟಿ ಡಾಲರು ಬೇಕು, ಇವತ್ತೇ ಬೇಕು. “ರೇಟು ಎಷ್ಟಿದೆ?” ಎಂದು ಕೇಳಿದರು. ಪರದೆ ನೋಡಿ “ಹನ್ನೆರಡು” ಎಂದೆ. “ಸರಿ, ಪೇಟೆಯ ದರಕ್ಕೆ ಕೊಂಡುಬಿಡಿ” ಎಂದರು.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಒಳ್ಳೆಯ ಬೆಲೆ ಸಿಗಲಿ ಎಂದು ಒಂದೇ ಹೊತ್ತಿಗೆ ಮೂರು ಬ್ಯಾಂಕುಗಳಿಗೆ ಫೋನ್ ಮಾಡಿ, ಒಂದು ಕೋಟಿಗೆ ಏನು ದರ ಎಂದು ಕೇಳಿದೆ. ಆಮೇಲೆ ಆದದ್ದನ್ನು ಅಂಕಿಗಳಲ್ಲೇ ಹೇಳುತ್ತೇನೆ. ಮೊದಲ ಇಪ್ಪತ್ತು ಲಕ್ಷ ಡಾಲರು ಹನ್ನೆರಡು ಪೈಸೆಗೆ ಸಿಕ್ಕಿತು. ಮುಂದಿನ ಇಪ್ಪತ್ತು ಲಕ್ಷ ಹದಿಮೂರಕ್ಕೆ. ಅದರ ಮುಂದಿನ ಮೂವತ್ತು ಲಕ್ಷ ಹದಿನೈದಕ್ಕೆ. ಕೊನೆಯ ಮೂವತ್ತು ಲಕ್ಷ ಹದಿನೆಂಟಕ್ಕೆ. ಸರಾಸರಿ 14.9 ಪೈಸೆ. ನಾನು ಹೇಳಿದ್ದ ಬೆಲೆಗಿಂತ 2.9 ಪೈಸೆ ಹೆಚ್ಚು. ಒಂದು ಕೋಟಿ ಡಾಲರಿಗೆ ಅದು ಎರಡು ಲಕ್ಷದ ತೊಂಬತ್ತು ಸಾವಿರ ರೂಪಾಯಿ. ಆಗ ನನ್ನ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. ಅರ್ಧ ಗಂಟೆ ಕಳೆದ ಮೇಲೆ ಪರದೆ ನೋಡಿದರೆ ದರ ಹದಿಮೂರು–ಹದಿನೈದಕ್ಕೆ ಇಳಿದು ತಣ್ಣಗೆ ಕುಳಿತಿತ್ತು. ಏರಿಸಿದವನು ನಾನೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ ಸ್ಲಿಪೇಜ್ ಎನ್ನುತ್ತಾರೆ. ಕನ್ನಡದಲ್ಲಿ ಜಾರಿಕೆ ಎನ್ನೋಣ. ಕಂಡ ಬೆಲೆಗೂ ಕೊನೆಗೆ ಕೈಗೆ ಬಂದ ಬೆಲೆಗೂ ನಡುವೆ ಇರುವ ಅಂತರ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಪರದೆಯ ಮೇಲಿನ ಹನ್ನೆರಡು ನಿಜವಾದ ಬೆಲೆಯೇ ಆಗಿತ್ತು. ಆದರೆ ಅದು ಮೊದಲ ಇಪ್ಪತ್ತು ಲಕ್ಷಕ್ಕೆ ಮಾತ್ರ ನಿಜ. ಅದರ ಹಿಂದೆ ಸಾಲಾಗಿ ನಿಂತ ಬೇರೆ ಮಾರಾಟಗಾರರು, ಅವರವರ ಬಳಿ ಇರುವ ಬೇರೆ ಬೇರೆ ಪ್ರಮಾಣ, ಅವರು ಕೇಳುವ ಬೇರೆ ಬೇರೆ ಬೆಲೆ, ಇವು ಯಾವುವೂ ಪರದೆಯ ಮೇಲೆ ಇರಲಿಲ್ಲ.

ನಮ್ಮ ಹಿರಿಯ ಡೀಲರು ಒಳ್ಳೆಯ ಮನುಷ್ಯ. ಕೂಗಾಡಲಿಲ್ಲ. “ನೀವು ಮೂರು ಬ್ಯಾಂಕಿಗೆ ಕೇಳಿದಿರಿ. ಆ ಮೂವರೂ ಡಾಲರಿಗಾಗಿ ಇನ್ನೊಂದಿಷ್ಟು ಜನರನ್ನು ಕೇಳಿದರು. ಬೇಕಿದ್ದದ್ದು ಒಂದು ಕೋಟಿ. ಪೇಟೆಗೆ ಮೂರು ಕೋಟಿ ಬೇಕಾಗಿರುವ ಹಾಗೆ ಕಂಡಿತು. ಎಲ್ಲರೂ ಬೆಲೆ ಎತ್ತಿದರು” ಎಂದರು. ಸಂತೆಯ ನಡುವೆ ನಿಂತು ಮೂವತ್ತು ಕಟ್ಟು ಬೇಕೆಂದು ಕೂಗಿದ ಮಾವನ ಮುಖ ನೆನಪಾದದ್ದು ಆಗ.

ಬ್ಯಾಂಕಿನ ನಿಯಮದ ಪ್ರಕಾರ ನಾನು ತಪ್ಪಿತಸ್ಥನಲ್ಲ. ಪೇಟೆಯ ದರಕ್ಕೆ ಕೊಳ್ಳಿ ಎಂದು ಗಿರಾಕಿಯೇ ಹೇಳಿದ್ದರು, ಪೇಟೆಯ ದರಕ್ಕೇ ಕೊಂಡಿದ್ದೆ. ಹಣ ಹೋದದ್ದು ಅವರದು. ಎರಡು ದಿನ ಬಿಟ್ಟು ಆ ಹಿರಿಯರು ಬಿಲ್ಲು ಹಿಡಿದುಕೊಂಡು ಬಂದರು. ಜಗಳವಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸಾಹೇಬರೇ, ಆ ಹನ್ನೆರಡು ಅಂದಿರಲ್ಲ, ಅದು ಯಾರಿಗೆ ಕೊಡೋ ಬೆಲೆ?” ಎಂದು ಹಿಂದಿಯಲ್ಲಿ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ನಿವೃತ್ತನಾಗುವವರೆಗೂ ಯಾರಿಗೇ ದರ ಹೇಳಿದರೂ, ಇಷ್ಟು ಪ್ರಮಾಣಕ್ಕೆ ಈ ದರ ಎಂದು ಸೇರಿಸಿಯೇ ಹೇಳುತ್ತಿದ್ದೆ.

ಇದು ಒಬ್ಬ ಡೀಲರಿನ, ಒಬ್ಬ ಗಿರಾಕಿಯ ಸಣ್ಣ ಕಥೆಯಾಯಿತು. ಇದೇ ತೊಂದರೆ ಒಂದು ದೇಶಕ್ಕೂ ಬರುತ್ತದೆ. 2013ರಲ್ಲಿ ನಮಗೇ ಬಂದಿತ್ತು. ಆ ಬೇಸಿಗೆಯಿಂದ ರೂಪಾಯಿ ಬೀಳುತ್ತಲೇ ಇತ್ತು. ನಮ್ಮ ಪೇಟೆಯಲ್ಲಿ ಎಲ್ಲರಿಗಿಂತ ದೊಡ್ಡ ಡಾಲರ್ ಗಿರಾಕಿಗಳು ಕಚ್ಚಾ ತೈಲ ತರಿಸುವ ಸರಕಾರಿ ಕಂಪನಿಗಳು: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ. ರೂಪಾಯಿ ಎಷ್ಟಕ್ಕೇ ಬೀಳಲಿ, ದೇಶಕ್ಕೆ ತೈಲ ಬೇಕು, ಅವರು ಡಾಲರು ಕೊಳ್ಳಲೇಬೇಕು. ನಾಳೆ ಮದುವೆ ಇರುವವರ ಸ್ಥಿತಿ. ಅವರು ಕೊಳ್ಳಲು ಬಂದ ಹೊತ್ತಿಗೆ ಡಾಲರು ಏರುತ್ತಿತ್ತು. ಏರಿದ ಡಾಲರಿಗೆ ಮರುದಿನ ಅವರೇ ಹೆಚ್ಚು ಕೊಡಬೇಕಾಗಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕು, ಹಲವು ಬ್ಯಾಂಕುಗಳಲ್ಲಿ ದರ ವಿಚಾರಿಸುವ ಬದಲು ಒಂದೇ ಸರಕಾರಿ ಬ್ಯಾಂಕಿನಿಂದ ಡಾಲರು ಕೊಳ್ಳಿ ಎಂದು ಆ ಕಂಪನಿಗಳಿಗೆ ಹೇಳಿತು. ಅದನ್ನು ಓದಿದಾಗ ನನ್ನ ಮೂರು ಫೋನು ನೆನಪಾಯಿತು.

ಅದೂ ಸಾಲಲಿಲ್ಲ. ಆಗಸ್ಟ್ 28ರಂದು ಡಾಲರಿನ ಬೆಲೆ 68 ರೂಪಾಯಿ 80 ಪೈಸೆಯ ಆಸುಪಾಸಿಗೆ ಹೋಯಿತು. ಅಲ್ಲಿಯವರೆಗೆ ರೂಪಾಯಿ ಅಷ್ಟು ಕೆಳಗೆ ಇಳಿದದ್ದೇ ಇರಲಿಲ್ಲ. ಆ ದಿನವೇ ರಿಸರ್ವ್ ಬ್ಯಾಂಕು ಒಂದು ವಿಶೇಷ ಕಿಟಕಿ ತೆರೆಯಿತು. ಮೂರೂ ತೈಲ ಕಂಪನಿಗಳ ದಿನನಿತ್ಯದ ಡಾಲರನ್ನು ತಾನೇ ಕೊಡುವುದಾಗಿಯೂ, ಅವರು ಮುಂದೊಂದು ದಿನ ಅದನ್ನು ಹಿಂದಿರುಗಿಸಬೇಕೆಂದೂ ಪ್ರಕಟಿಸಿತು. ಎಂದರೆ ಸಂತೆಯ ಅತಿ ದೊಡ್ಡ ಗಿರಾಕಿಯನ್ನು ಸಂತೆಯಿಂದಲೇ ಹೊರಗೆ ಕರೆದೊಯ್ದಿತು. ಮರುದಿನ ರೂಪಾಯಿ ಎರಡು ರೂಪಾಯಿಗೂ ಹೆಚ್ಚು ಚೇತರಿಸಿಕೊಂಡಿತು. ರೂಪಾಯಿ ಬೀಳಲು ಬೇರೆ ದೊಡ್ಡ ಕಾರಣಗಳು ಇದ್ದವು, ನಿಜ. ಆದರೂ ದೊಡ್ಡ ಗಿರಾಕಿಯ ಅವಸರ ಬೆಲೆಯನ್ನು ಎಷ್ಟು ಅಲುಗಿಸುತ್ತದೆ ಎಂಬುದನ್ನು ಆ ಎರಡು ದಿನ ತೋರಿಸಿಕೊಟ್ಟವು.

ಹಾಗಾದರೆ ದೊಡ್ಡ ಪ್ರಮಾಣದಲ್ಲಿ ಕೊಳ್ಳಬೇಕಾದವರು ಏನು ಮಾಡಬೇಕು? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ತುಂಡು ಮಾಡಿ ಕೊಳ್ಳುವುದು. ಬೆಳಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ಸದ್ದಿಲ್ಲದೆ. ಈಗ ಈ ಕೆಲಸವನ್ನು ಕಂಪ್ಯೂಟರುಗಳೇ ಮಾಡುತ್ತವೆ. ದೊಡ್ಡ ಆರ್ಡರನ್ನು ನೂರಾರು ಚೂರು ಮಾಡಿ ಗಂಟೆಗಟ್ಟಲೆ ಹೊತ್ತಿನಲ್ಲಿ ಹರಡುತ್ತವೆ. ಆದರೆ ಇದಕ್ಕೂ ಒಂದು ಬೆಲೆ ಇದೆ. ಕಾಯುತ್ತ ಕೂತ ಹೊತ್ತಿನಲ್ಲಿ ಬೇರೆ ಯಾವುದೋ ಕಾರಣಕ್ಕೆ ಪೇಟೆಯೇ ಏರಿಬಿಟ್ಟರೆ? ಅವಸರ ಮಾಡಿದರೆ ನಮ್ಮ ಭಾರಕ್ಕೇ ಬೆಲೆ ಜಾರುತ್ತದೆ, ನಿಧಾನ ಮಾಡಿದರೆ ಕಾಲ ಕೈಕೊಡುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು 2000ದ ಸುಮಾರಿಗೆ ರಾಬರ್ಟ್ ಅಲ್ಮ್‌ಗ್ರೆನ್ ಮತ್ತು ನೀಲ್ ಕ್ರಿಸ್ ಎಂಬ ಇಬ್ಬರು ಗಣಿತದ ಸೂತ್ರವಾಗಿಯೇ ಬಿಡಿಸಿ ತೋರಿಸಿದರು. ಗಣಿತ ಯಾವ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು.

ಪೇಟೆಗಳನ್ನು ಅಳೆದು ನೋಡಿದವರು ಕಂಡುಕೊಂಡ ಇನ್ನೊಂದು ಸ್ಥೂಲವಾದ ನಿಯಮವಿದೆ. ಜಾರಿಕೆಯು ಪ್ರಮಾಣದ ವರ್ಗಮೂಲದ ಹಾಗೆ ಬೆಳೆಯುತ್ತದೆ. ಪ್ರಮಾಣ ನಾಲ್ಕು ಪಟ್ಟಾದರೆ ಒಂದೊಂದು ಡಾಲರಿನ ಮೇಲಿನ ಜಾರಿಕೆ ಎರಡು ಪಟ್ಟಾಗುತ್ತದೆ. ಡಾಲರುಗಳೂ ನಾಲ್ಕು ಪಟ್ಟಿರುವುದರಿಂದ ಒಟ್ಟು ನಷ್ಟ ಎಂಟು ಪಟ್ಟು. ಸಣ್ಣದರಲ್ಲಿ ಗೆದ್ದ ಲೆಕ್ಕವನ್ನು ಹಾಗೆಯೇ ಗುಣಿಸಿ ದೊಡ್ಡದು ಮಾಡಲು ಬರುವುದಿಲ್ಲ ಎಂಬುದು ಇದರ ತಾತ್ಪರ್ಯ.

ಹಳೆಯ ಡೀಲರಿನ ಈ ಕಥೆಗಳನ್ನು ಈಗ ಬರೆಯಲು ಕಾರಣ ಒಂದು ಫೋನು. ಅಕ್ಕನ ಮಗಳು ಮಾಡಿದ್ದು. “ಮಾವ, ಇವನು ಎಂ.ಎಸ್. ಓದೋದಕ್ಕೆ ಅಂತ ಇಟ್ಟಿರೋ ನಾಲ್ಕು ಲಕ್ಷದ ಎಫ್.ಡಿ. ಮುರಿಸಿ ಅಂತ ಕೂತಿದಾನೆ. ಫಾರೆಕ್ಸ್ ಮಾಡ್ತಾನಂತೆ. ನೀವೊಂದು ಸಲ ಬಂದು ಮಾತಾಡಿ” ಎಂದಳು. ಮೊನ್ನೆ ಅವರೆಕಾಯಿ ಕಾಲದಲ್ಲಿ ಬೆಂಗಳೂರಿಗೆ ಹೋದೆ. ಅಕ್ಕನೂ ಮಗಳ ಮನೆಯಲ್ಲೇ ಇದ್ದಾಳೆ.

ಹುಡುಗ ದಡ್ಡನಲ್ಲ. ಎಂಜಿನಿಯರಿಂಗಿನ ಕೊನೆಯ ವರ್ಷ. ಮೊಬೈಲಿನಲ್ಲಿ ಒಂದು ಆಪ್ ತೋರಿಸಿದ. ಅದರಲ್ಲಿ ಆಟದ ಹಣ ಇಟ್ಟುಕೊಂಡು ಅಭ್ಯಾಸ ಮಾಡುವ ಡೆಮೊ ಖಾತೆ. ಮೂರು ತಿಂಗಳಿಂದ ಯೂರೋ, ಡಾಲರು, ಪೌಂಡುಗಳನ್ನು ಕೊಂಡು ಮಾರಿ ಲಾಭ ಮಾಡಿದ್ದ. ನಿಜವಾದ ಹಣ ಹಾಕಿದರೆ ಅದರ ನೂರು ಪಟ್ಟು ವ್ಯವಹಾರ ಮಾಡಲು ಆಪ್‌ನವರು ಬಿಡುತ್ತಾರಂತೆ. ನಾನು ಜಾರಿಕೆಯ ಮಾತು ತೆಗೆದೆ. ಅವನು ನಕ್ಕ. “ತಾತ, ಅದೆಲ್ಲ ನಿಮ್ಮ ಕಾಲಕ್ಕೆ. ಈಗ ಪ್ರಪಂಚದಲ್ಲಿ ದಿನಕ್ಕೆ ಎಷ್ಟು ಫಾರೆಕ್ಸ್ ವ್ಯವಹಾರ ಆಗುತ್ತೆ ಗೊತ್ತಾ? ನನ್ನ ದುಡ್ಡು ಸಮುದ್ರಕ್ಕೆ ಒಂದು ಚೊಂಬು ನೀರು.”

ಅವನು ಹೇಳಿದ್ದರಲ್ಲಿ ಸತ್ಯವಿದೆ, ಒಪ್ಪಿಕೊಂಡೆ. ಕೇಂದ್ರ ಬ್ಯಾಂಕುಗಳ ಬ್ಯಾಂಕಾದ ಬಿ.ಐ.ಎಸ್. 2025ರ ಏಪ್ರಿಲ್‌ನಲ್ಲಿ ಮಾಡಿದ ಗಣತಿಯಂತೆ ವಿದೇಶಿ ವಿನಿಮಯದ ವಹಿವಾಟು ದಿನಕ್ಕೆ ಸುಮಾರು 9.6 ಲಕ್ಷ ಕೋಟಿ ಡಾಲರು. ಲಂಡನ್ನು, ನ್ಯೂಯಾರ್ಕು ಎರಡೂ ತೆರೆದಿರುವ ಹೊತ್ತಿನಲ್ಲಿ ಯೂರೋ–ಡಾಲರಿನಲ್ಲಿ ನಾಲ್ಕು ಲಕ್ಷದ ನೂರು ಪಟ್ಟು, ಅಂದರೆ ನಾಲ್ಕು ಕೋಟಿ ರೂಪಾಯಿಯ ವ್ಯವಹಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸಮುದ್ರದ ನೀರೆಲ್ಲ ಎಲ್ಲ ಹೊತ್ತಿನಲ್ಲೂ ಒಂದೇ ಕಡೆ ಇರುವುದಿಲ್ಲ. 2016ರ ಅಕ್ಟೋಬರ್ 7ರಂದು ನಮ್ಮ ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ, ನ್ಯೂಯಾರ್ಕ್ ಮುಚ್ಚಿ ಏಷ್ಯಾ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾಗ, ಬ್ರಿಟಿಷ್ ಪೌಂಡು ಕೆಲವೇ ಕ್ಷಣಗಳಲ್ಲಿ ಡಾಲರಿನ ಎದುರು ಶೇಕಡಾ ಒಂಬತ್ತರಷ್ಟು ಬಿದ್ದು ಮತ್ತೆ ಬಹುಪಾಲು ಎದ್ದಿತು. ಆಮೇಲೆ ತನಿಖೆ ನಡೆಸಿದವರಿಗೆ ಒಂದೇ ಒಂದು ಕಾರಣ ಸಿಗಲಿಲ್ಲ. ಪೇಟೆಯಲ್ಲಿ ಜನರೇ ಇಲ್ಲದ ಆ ಹೊತ್ತು ಮುಖ್ಯ ಕಾರಣಗಳಲ್ಲಿ ಒಂದು ಎಂದರು. ಪೌಂಡಿನಂಥ ಪೌಂಡಿನ ಗತಿ ಅದು.

“ಅದಕ್ಕೇ ತಾತ ಸ್ಟಾಪ್ ಲಾಸ್ ಇರೋದು” ಎಂದ. ಸ್ಟಾಪ್ ಲಾಸ್ ಎಂದರೆ, ಬೆಲೆ ಇಲ್ಲಿಗೆ ಇಳಿದರೆ ಮಾರಿಬಿಡು ಎಂದು ಮೊದಲೇ ಬರೆದಿಡುವ ಆಜ್ಞೆ. ನಷ್ಟ ಅಲ್ಲಿಗೇ ನಿಲ್ಲುತ್ತದೆ ಎಂಬ ನಂಬಿಕೆ. ಅವನಿಗೆ ಸ್ವಿಸ್ ಫ್ರಾಂಕಿನ ಕಥೆ ಹೇಳಿದೆ. ಒಂದು ಯೂರೋಗೆ 1.20 ಫ್ರಾಂಕಿಗಿಂತ ಕಡಿಮೆಯಾಗಲು ಬಿಡುವುದಿಲ್ಲ ಎಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು 2011ರ ಸೆಪ್ಟೆಂಬರಿನಲ್ಲಿ ಮಾತು ಕೊಟ್ಟಿತ್ತು. ಆ ಮಾತನ್ನು ನಂಬಿ ಪ್ರಪಂಚದ ಎಷ್ಟೋ ಜನ ಯೂರೋ ಕೊಂಡು, ಸ್ವಲ್ಪ ಕೆಳಗೆ ಸ್ಟಾಪ್ ಲಾಸ್ ಬರೆದಿಟ್ಟಿದ್ದರು. 2015ರ ಜನವರಿ 15ರ ಬೆಳಗ್ಗೆ ಬ್ಯಾಂಕು ಮುನ್ಸೂಚನೆಯಿಲ್ಲದೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು. ನಡುವೆ ಕೊಳ್ಳುವವರೇ ಇರಲಿಲ್ಲ. ಮಾರಿಬಿಡು ಎಂಬ ಆಜ್ಞೆ ಇತ್ತು, ಕೊಳ್ಳು ಎಂದು ಆಜ್ಞೆ ಮಾಡಲು ಯಾರಿಗೆ ಸಾಧ್ಯ?

ಕಾಗದ ತೆಗೆದು ಒಂದು ಲೆಕ್ಕ ಬರೆಸಿದೆ. 1.2010ಕ್ಕೆ ಯೂರೋ ಕೊಂಡವನು 1.1950ಕ್ಕೆ ಸ್ಟಾಪ್ ಲಾಸ್ ಇಟ್ಟಿದ್ದನೆನ್ನು. ಅವನು ಒಪ್ಪಿಕೊಂಡಿದ್ದ ನಷ್ಟ ಯೂರೋಗೆ 0.006 ಫ್ರಾಂಕು. ಕೊಳ್ಳುವವನು ಸಿಕ್ಕಿದ್ದು 1.02ಕ್ಕೆ ಎಂದಿಟ್ಟುಕೋ. ಆಗ ನಷ್ಟ 0.181. ಮೂವತ್ತು ಪಟ್ಟು. ಹತ್ತು ಸಾವಿರ ಹೋದೀತು ಅಂದುಕೊಂಡವನಿಗೆ ಮೂರು ಲಕ್ಷ ಹೋಗುತ್ತದೆ. ನೂರು ಪಟ್ಟು ಸಾಲದ ಬಲದ ಮೇಲೆ ನಿಂತವನಿಗಾದರೆ ಶೇಕಡಾ ಒಂದು ಜಾರಿದರೂ ಅಸಲು ಪೂರ್ತಿ ಹೋಯಿತು, ಅದಕ್ಕಿಂತ ಮುಂದೆ ಜಾರಿದ್ದೆಲ್ಲ ಸಾಲ. ಆ ದಿನ ಅಮೆರಿಕದ ಎಫ್.ಎಕ್ಸ್.ಸಿ.ಎಂ. ಎಂಬ ದೊಡ್ಡ ದಲ್ಲಾಳಿ ಸಂಸ್ಥೆಗೆ ಗಿರಾಕಿಗಳಿಂದ ಬರಬೇಕಾದ ಬಾಕಿ ಸುಮಾರು 22.5 ಕೋಟಿ ಡಾಲರು ಎಂದು ಆ ಸಂಸ್ಥೆಯೇ ಹೇಳಿತು. ಬ್ರಿಟನ್ನಿನ ಅಲ್ಪಾರಿ ದಿವಾಳಿಯಾಯಿತು. ಅವರೆಲ್ಲ ನಮ್ಮ ಹುಡುಗನಿಗಿಂತ ಹೆಚ್ಚು ಬಲ್ಲವರೇ.

ಹುಡುಗ ಸುಮ್ಮನಾದ. ಸೋತ ಸುಮ್ಮನಲ್ಲ, ಲೆಕ್ಕ ಹಾಕುವ ಸುಮ್ಮನೆ. “ಡೆಮೊದಲ್ಲಿ ಯಾವತ್ತೂ ಹೀಗೆ ಆಗಲೇ ಇಲ್ಲವಲ್ಲ?” ಎಂದ. “ಡೆಮೊದಲ್ಲಿ ಎದುರಿಗೆ ಯಾರಿದ್ದಾರೆ ಮಗು? ಬೆಲೆ ತೋರಿಸುವವರೂ ಅವರೇ, ಆ ಬೆಲೆಗೆ ಸಿಕ್ಕಿತು ಎಂದು ಬರೆದುಕೊಳ್ಳುವವರೂ ಅವರೇ. ನಿಜವಾದ ಕಟ್ಟು ಎಣಿಸಿ ಕೊಡಬೇಕಾದವರು ಯಾರೂ ಇಲ್ಲ” ಎಂದೆ.

ಇನ್ನೊಂದು ವಿಷಯವನ್ನು ತಂದೆತಾಯಂದಿರಿಗಾಗಿ ಇಲ್ಲಿ ಹೇಳಬೇಕು. ನಮ್ಮ ದೇಶದಲ್ಲಿ ವಿದೇಶಿ ವಿನಿಮಯದ ವ್ಯವಹಾರವನ್ನು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದವರೊಂದಿಗೆ, ಕಾನೂನು ಒಪ್ಪಿದ ಉದ್ದೇಶಗಳಿಗೆ ಮಾತ್ರ ಮಾಡಬಹುದು. ಅನುಮತಿ ಇಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಪ್ರಕಟಿಸಿತು, ಆಮೇಲೆ ಹೆಸರುಗಳನ್ನು ಸೇರಿಸುತ್ತ ಬಂದಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದು ಅರ್ಥವಲ್ಲ. ಮಗನ ಜತೆ ಕೂತು ಆ ಪಟ್ಟಿಯನ್ನು ಒಮ್ಮೆ ನೋಡಿ, ಬೈಯುವುದು ಆಮೇಲೆ ಇದ್ದೇ ಇದೆ. ಇನ್ನು, ಮಕ್ಕಳ ವಿದೇಶಿ ಶಿಕ್ಷಣಕ್ಕೆ ಫೀಸು ಕಳಿಸುವವರು ಜಾರಿಕೆಗೆ ಹೆದರಬೇಕಾಗಿಲ್ಲ. ಆ ಮೊತ್ತ ಪೇಟೆಯನ್ನು ಅಲುಗಿಸುವಷ್ಟು ದೊಡ್ಡದಲ್ಲ. ಟಿ.ವಿ.ಯಲ್ಲಿ ಕಂಡ ದರಕ್ಕಿಂತ ಬ್ಯಾಂಕು ಹೆಚ್ಚು ಕೇಳಿದರೆ ಅದು ಬ್ಯಾಂಕಿನ ಲಾಭಾಂಶ. ಅದನ್ನು ಕೇಳಿ, ಚೌಕಾಸಿ ಮಾಡಿ, ಕಡಿಮೆ ಮಾಡಿಸಬಹುದು.

ರಾತ್ರಿ ಊಟಕ್ಕೆ ಮುಂಚೆ ಹುಡುಗ ತನ್ನ ಲ್ಯಾಪ್‌ಟಾಪ್ ತಂದು ನನ್ನ ಪಕ್ಕದಲ್ಲಿ ಕೂತ. ಮೂರು ತಿಂಗಳಲ್ಲಿ ನೂರ ಎಂಬತ್ತು ವ್ಯವಹಾರ ಮಾಡಿದ್ದ. ಒಂದೊಂದರ ಸರಾಸರಿ ಲಾಭ ಮೂರು ಪಿಪ್. ಪಿಪ್ ಎಂದರೆ ದರದ ನಾಲ್ಕನೆಯ ದಶಮಾಂಶ. “ಕೊಳ್ಳುವಾಗ ಎರಡು ಪಿಪ್, ಮಾರುವಾಗ ಎರಡು ಪಿಪ್ ಜಾರಿತು ಅಂತ ಹಾಕಿ ನೋಡ್ತೀನಿ” ಎಂದ. ನಾನು ಹೇಳಿಕೊಟ್ಟದ್ದಲ್ಲ, ಅವನದೇ ಯೋಚನೆ. ಮೂರರಲ್ಲಿ ನಾಲ್ಕು ಹೋದರೆ ಉಳಿಯುವುದು ಎಷ್ಟು ಎಂದು ಹೇಳಲು ಲ್ಯಾಪ್‌ಟಾಪ್ ಬೇಕಿರಲಿಲ್ಲ. ಆದರೂ ನೂರ ಎಂಬತ್ತು ಸಾಲುಗಳನ್ನೂ ತುಂಬಿ, ಕೆಳಗೆ ಬಂದ ಮೊತ್ತವನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದ. ಎಫ್.ಡಿ.ಯ ಮಾತು ಆ ರಾತ್ರಿ ಬರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚುತ್ತ, “ತಾತ, ಆ ಬಾಳೆ ಎಲೆ ಕಥೆ ಹೇಳಿದಿರಲ್ಲ, ಉಳಿದ ಆರು ಕಟ್ಟು ಕೊನೆಗೆ ಏನಾಯ್ತು?” ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ.

ಅಕ್ಕ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. “ತರಲಿಲ್ಲ. ಇನ್ನು ಹದಿಮೂರು ರೂಪಾಯಿ ಕೊಟ್ಟಿದ್ದರೆ ಬರ್ತಿತ್ತು. ಎರಡು ರೂಪಾಯಿ ಮೇಲೆ ಒಂದು ಕಾಸೂ ಕೊಡಲ್ಲ ಅಂದರು ಅಪ್ಪ. ಮನೇಲಿ ಮುತ್ತುಗದ ಎಲೆ ಇತ್ತಲ್ಲ, ಕೊನೇ ಪಂಕ್ತಿಗೆ ಅದನ್ನೇ ಹಾಕಿಸಿದರು. ಆ ಪಂಕ್ತೀಲಿ ಬಡಿಸಿದವರು, ಅಡುಗೆಯವರು, ಗಾಡಿ ಹೊಡೆದವರು, ಅವರ ಮಧ್ಯೆ ಅಪ್ಪನೂ ಕೂತು ಊಟ ಮಾಡಿದರು. ನಿನಗೆ ಹೇಳಬೇಡಿ ಅಂದಿದ್ದರು, ಮಗು ನೊಂದುಕೊಳ್ಳುತ್ತೆ ಅಂತ.”